ಗುಂಡಿ ಡಬ್ಬಿಯಲ್ಲಿ ಕಿವಿ

ತಾಯಂದಿರ ಖಾತೆಗೆ ಸರ್ಕಾರ ತಿಂಗಳು ತಿಂಗಳು ಮಕ್ಕಳ ಭತ್ಯೆ ಹಾಕುತ್ತದಂತೆ ಎಂಬ ಸುದ್ದಿ ಬಂದ ದಿನ ಆ ಕಟ್ಟಡದಲ್ಲಿ ಮೂಗು ಮುರಿದವಳು ಗುಂಡಿ ಅಜ್ಜಿ ಒಬ್ಬಳೇ. ಉಳಿದವರೆಲ್ಲ ಬಾಯಿ ಬಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಆ ಬಾಯಿಗಳನ್ನು ನೋಡಿಯೇ ಅಜ್ಜಿಗೆ ಅಸಹ್ಯವಾಯಿತು.

"ಪುಕ್ಕಟೆ ಸಿಕ್ಕಿದ್ರೆ ನನಗೊಂದಿರ್ಲಿ, ನಮ್ಮಪ್ಪನಿಗೊಂದಿರ್ಲಿ ಅನ್ನೋ ಜನ. ಮಕ್ಕಳ ಹೆಸರಲ್ಲಿ ಬಂದ ದುಡ್ಡು ಮಕ್ಕಳ ಬಾಯಿಗೆ ಬಿದ್ರೆ ನನ್ನ ಹೆಸರು ಬದಲಾಯಿಸಿ," ಎಂದು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು. ಅಷ್ಟು ಕಷ್ಟ ಯಾರೂ ಪಡಬೇಕಾಗಿರಲಿಲ್ಲ. ಅವಳ ನಿಜವಾದ ಹೆಸರು ಏನೆಂಬುದು ಆ ಕಟ್ಟಡದಲ್ಲಿ ಯಾರಿಗೂ ನೆನಪಿರಲಿಲ್ಲ.

ಸಿದ್ಧ ಉಡುಪಿನ ಅಂಗಡಿಯಿಂದ ಬರುವ ಅಂಗಿಗಳಿಗೆ ಗುಂಡಿ ಹೊಲಿಯುವುದು ಅವಳ ಕೆಲಸ. ಮೊದಲ ಮಹಡಿಯ ಮೂಲೆ ಮನೆ, ಕಿಟಕಿಯ ಪಕ್ಕ ಒಂದು ಗಿಡ್ಡ ಸ್ಟೂಲು, ಕೈಗೆ ಸಿಗುವ ಹಾಗೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಡಬ್ಬಿಯ ತುಂಬ ಗುಂಡಿ. ಬಾಗಿಲು ತೆರೆದಿಟ್ಟರೆ ಅಲ್ಲಿಂದ ಬೀದಿಯೂ ಕಾಣುತ್ತದೆ, ಮೆಟ್ಟಿಲೂ ಕಾಣುತ್ತದೆ. ಹೀಗಾಗಿ ಹತ್ತುವವರು, ಇಳಿಯುವವರು ಎಲ್ಲರೂ ಅವಳ ನಾಲಗೆಗೆ ಸುಂಕ ಕಟ್ಟಿಯೇ ಹೋಗಬೇಕು. ಮೇಲಿನ ಮನೆಯ ಬೇಕರಿಯವನು ಸೋಮಾರಿ. ಅವನ ಹೆಂಡತಿ ಜಂಬದ ಕೋಳಿ. ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಹಗಲುಗಳ್ಳ. ಈ ಕೊನೆಯ ಮಾತಿಗೆ ಅಜ್ಜಿಯ ಬಳಿ ಪುರಾವೆಯೇ ಇತ್ತು. ಬಾಗಿಲ ಬೆಲ್ ಕೆಟ್ಟಿದೆ ಎಂದು ಕರೆಸಿದರೆ ಅವನು ಒಂದು ಸಲ ಒತ್ತಿ, ತಲೆಯಾಡಿಸಿ, "ಸರಿಯಾಗೇ ಇದೆಯಲ್ಲ ಅಜ್ಜಿ" ಎಂದು ಹೇಳಿ, ಬಂದದ್ದಕ್ಕೆ ದುಡ್ಡು ಇಸಿದುಕೊಂಡು ಹೋಗಿದ್ದ. ಬೆಲ್ ಮಾತ್ರ ಸತ್ತ ಹಾಗೇ ಇತ್ತು.

ಮನೆಯಲ್ಲಿ ಇದ್ದವರು ಸೊಸೆ ಮತ್ತು ಮೊಮ್ಮಗಳು. ಮಗ ಲಾರಿ ಓಡಿಸುತ್ತಾನೆ. ಎಲ್ಲಿ ಓಡಿಸುತ್ತಾನೆ ಎಂಬುದು ಆ ಲಾರಿಗೇ ಗೊತ್ತು. ಸೊಸೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಹಬೆಯಲ್ಲಿ ಬೆಂದ ಕೈ, ಸವೆದ ಉಗುರು, ಎದುರಾಡದ ಬಾಯಿ. ಎದುರಾಡದ ಸೊಸೆಯನ್ನು ಬೈಯುವುದರಲ್ಲಿ ಸ್ವಾರಸ್ಯವಿಲ್ಲ ಎಂದು ಅಜ್ಜಿ ಅವಳನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದಳು.

ಮೊಮ್ಮಗಳ ವಿಷಯ ಬೇರೆ. ಚೋಟಿ ಎಂದು ಕರೆಯುತ್ತಿದ್ದ ಆ ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಮಂದ. ಹತ್ತಿರ ಕೂತು ಕಿರುಚಿದರೆ ಅಷ್ಟಿಷ್ಟು ಕೇಳಿಸೀತು. ಶಾಲೆಯಲ್ಲಿ ಅವಳನ್ನು ಪೆದ್ದಿ ಎಂದು ಕೊನೆಯ ಬೆಂಚಿಗೆ ತಳ್ಳಿದ್ದರು. ಕೊನೆಯ ಬೆಂಚಿನಲ್ಲಿ ಇನ್ನೂ ಕೇಳಿಸದೆ ಅವಳು ಇನ್ನಷ್ಟು ಪೆದ್ದಿಯಾದಳು. ಪಾಠ ಹೇಳುವವರ ಜಾಣತನ ಅಷ್ಟರಮಟ್ಟಿಗಿತ್ತು.

ಅಜ್ಜಿಗೆ ಮಾತ್ರ ಆ ಮಂದ ಕಿವಿ ದೊಡ್ಡ ಅನುಕೂಲ. ಶಾಲೆ ಬಿಟ್ಟು ಬಂದ ಚೋಟಿ ಎದುರಿಗೆ ಕಾಲು ಮಡಿಚಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದಳು. ಅಜ್ಜಿ ಹೊಲಿಯುತ್ತಾ, ಬೇರೆಯವರು ಹಾಡು ಗುನುಗುವ ಹಾಗೆ ಬೈಗುಳ ಗುನುಗುತ್ತಿದ್ದಳು. "ಕಲ್ಲುಗುಂಡು ಕಣೇ ನೀನು. ಕಿವುಡಿನ ಮುಂದೆ ಶಂಖ ಊದಿ ಊದಿ ನಿಮ್ಮಮ್ಮನ ಎದೆ ಒಣಗಿತು. ಯಾರ ತಲೆಗೆ ಕಟ್ಟೋದು ನಿನ್ನ?" ಇದರಲ್ಲಿ ದ್ವೇಷವೇನೂ ಇರಲಿಲ್ಲ. ಇಡೀ ಕಟ್ಟಡವನ್ನು ಬೈಯುವ ನಾಲಗೆಗೆ ಮನೆಯೊಳಗೂ ಒಂದಿಷ್ಟು ಕೆಲಸ ಬೇಕಿತ್ತು. ಚೋಟಿ ಕಣ್ಣು ಮಿಟುಕಿಸದೆ ಅವಳ ಮುಖ ನೋಡುತ್ತಾ, ಒಮ್ಮೊಮ್ಮೆ ನಗುತ್ತಿದ್ದಳು. "ನೋಡು, ಬೈದರೂ ಹಲ್ಲು ಕಿಸೀತದೆ" ಎಂದು ಅಜ್ಜಿ ದಾರ ಕಡಿಯುತ್ತಿದ್ದಳು.

ಭತ್ಯೆ ಬರತೊಡಗಿದ ಮೇಲೆ ಅಜ್ಜಿ ಕಿಟಕಿಯಲ್ಲಿ ಕಾದು ಕೂತಳು. ಯಾರು ಕುಡಿದು ಬರುತ್ತಾರೆ, ಯಾರು ಹೊಸ ಮೊಬೈಲ್ ಹಿಡಿದು ಮೆಟ್ಟಿಲು ಹತ್ತುತ್ತಾರೆ ಎಂದು ಲೆಕ್ಕ ಹಾಕಿದ್ದಳು. ಅವಳಿಗೆ ಘೋರ ನಿರಾಸೆಯಾಯಿತು. ಬೇಕರಿಯವನ ಹೆಂಡತಿ ಮಗನಿಗೆ ಗಟ್ಟಿ ಬೂಟು ಕೊಡಿಸಿದಳು. ಮಳೆ ಬಂದರೆ ಶಾಲೆಗೆ ಚಕ್ಕರ್ ಹಾಕುತ್ತಿದ್ದ ಆ ಹುಡುಗ ನೀರು ನಿಂತ ಬೀದಿಯಲ್ಲಿ ಬೇಕೆಂದೇ ಹೆಜ್ಜೆ ಹಾಕುತ್ತಾ ಹೋಗತೊಡಗಿದ. ಹಗಲುಗಳ್ಳನ ಅವಳಿ ಮಕ್ಕಳಿಗೆ ಹಾಲು ಮೊಟ್ಟೆ ಸಿಕ್ಕಿ ಕೆನ್ನೆ ತುಂಬಿಕೊಂಡಿತು. ಅವನೇನು ಕಳ್ಳತನ ಬಿಟ್ಟನೇ, ಕೆನ್ನೆಗೇನು ಗೊತ್ತು ಎಂದು ಅಜ್ಜಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಳ್ಳೆಯ ಸುದ್ದಿಯನ್ನು ನುಂಗುವುದು ಅವಳಿಗೆ ಒಣ ಗುಳಿಗೆ ನುಂಗಿದಷ್ಟೇ ಕಷ್ಟ.

ಸೊಸೆ ಮಾತ್ರ ಏನೂ ತರಲಿಲ್ಲ. ತಿಂಗಳುಗಟ್ಟಲೆ ದುಡ್ಡನ್ನು ಬ್ಯಾಂಕಿನಲ್ಲೇ ಬಿಟ್ಟಳು. ಅಜ್ಜಿ ಸಂಶಯಪಡಲು ಶುರುಮಾಡಿದ ಹೊತ್ತಿಗೆ ಒಂದು ದಿನ ರಜೆ ಹಾಕಿ ಚೋಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕಿವಿಯೊಳಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದರಂತೆ. ಆಮೇಲೆ ಇನ್ನೊಂದು ದಿನ ಹೋಗಿ ಕಿವಿಯ ಹಿಂದೆ ಕೂರುವ ಒಂದು ಮಿಷನ್ ತಂದರು. ಗೇರುಬೀಜದಷ್ಟು ದೊಡ್ಡದು. ಅದರೊಳಗೆ ಒಂದು ಪುಟ್ಟ ಸೆಲ್, ಥೇಟ್ ಅಂಗಿಯ ಗುಂಡಿಯ ಹಾಗೆ. ಸೆಲ್ ಬೇಗ ಬೇಗ ಮುಗಿಯುತ್ತದೆ, ಹೊಸದು ಕೊಳ್ಳುತ್ತಲೇ ಇರಬೇಕು. ಸೆಲ್ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಚೂರು, ಭತ್ಯೆ ನಿಂತರೆ ಸೆಲ್ಲಿಗೆ ದಾರಿಯಿಲ್ಲ. ಸೊಸೆ ಇದನ್ನು ಅತ್ತೆಗೆ ಎರಡೆರಡು ಸಲ ಬಿಡಿಸಿ ಹೇಳಿದಳು.

"ಕಲ್ಲುಗುಂಡಿಗೆ ಒಡವೆ ಬೇರೆ ಕೇಡು," ಎಂದಳು ಅಜ್ಜಿ, ಅಭ್ಯಾಸಬಲದಿಂದ.

ಚೋಟಿ ತಟ್ಟನೆ ತಿರುಗಿ ನೋಡಿದಳು.

"ಅತ್ತೆ, ಇನ್ಮೇಲೆ ಅವಳಿಗೆ ಕೇಳ್ಸುತ್ತೆ," ಎಂದಳು ಸೊಸೆ. ಅಷ್ಟೇ ಹೇಳಿದ್ದು.

ಅಜ್ಜಿಯ ಬಾಯಿಗೆ ಬೀಗ ಬಿತ್ತು. ಸರ್ಕಾರದ ದುಡ್ಡು ಮಗುವಿಗೆ ಕಿವಿ ಕೊಟ್ಟು ತನ್ನ ನಾಲಗೆ ಕಿತ್ತುಕೊಂಡಿತು ಎಂದು ಅವಳಿಗೆ ನಿಜವಾಗಿಯೂ ಸಿಟ್ಟು ಬಂತು. ಹೊಲಿಯುತ್ತಾ ಏನು ಗುನುಗುವುದೆಂದೇ ತಿಳಿಯದಾಯಿತು. ಅತ್ತ ಚೋಟಿ ಮೊದಲ ದಿನಗಳಲ್ಲಿ ನಲ್ಲಿ ಬಿಟ್ಟರೆ ಬೆಚ್ಚುತ್ತಿದ್ದಳು, ಆಮೇಲೆ ನಲ್ಲಿಯನ್ನು ಬೇಕೆಂದೇ ಬಿಟ್ಟು ನಿಲ್ಲಿಸಿ ಆಡತೊಡಗಿದಳು. ಶಾಲೆಯಲ್ಲಿ ಮುಂದಿನ ಬೆಂಚಿಗೆ ಬಂದಳು. ಪಾಠ ಗಟ್ಟಿಯಾಗಿ ಓದುವ ಚಟ ಹತ್ತಿತು. ಇದ್ದಕ್ಕಿದ್ದಂತೆ ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದಳು, ಅಲ್ಲಿ ಯಾರಾದರೂ ನಿಂತಿರುತ್ತಿದ್ದರು. ಈ ಹುಡುಗಿಗೆ ಮೆಟ್ಟಿಲ ಮೇಲಿನ ಹೆಜ್ಜೆಯೂ ಕೇಳಿಸುತ್ತದೆ, ಮಿಷನ್ ಒಳ್ಳೆಯದೇ ಇರಬೇಕು ಎಂದು ಅಜ್ಜಿ ಒಳಗೊಳಗೇ ಒಪ್ಪಿಕೊಂಡಳು. ಬಾಯಿ ಬಿಟ್ಟು ಹೇಳಲಿಲ್ಲ.

ಹೀಗಿರುವಾಗ ಪರಿಶೀಲನೆಗೆ ಜನ ಬರುತ್ತಾರೆ ಎಂಬ ಸುದ್ದಿ ಬಂತು. ಭತ್ಯೆ ತೆಗೆದುಕೊಂಡ ಮನೆಗಳ ಮಕ್ಕಳು ಹೇಗಿದ್ದಾರೆ ಎಂದು ನೋಡಿಕೊಂಡು ಹೋಗುತ್ತಾರಂತೆ, ಆಮೇಲೆ ಭತ್ಯೆ ಇರಬೇಕೋ ನಿಲ್ಲಬೇಕೋ ತೀರ್ಮಾನವಂತೆ.

ಈಗ ವಕೀಲನ ಕಾಲ ಬಂತು. ವಕೀಲ ಎಂದರೆ ವಕೀಲನಲ್ಲ. ಕಚೇರಿಯ ಕಾಂಪೌಂಡಿನ ಹೊರಗೆ ಕೊಡೆಯ ಕೆಳಗೆ ಕೂತು ಜನರ ಅರ್ಜಿ ಟೈಪು ಮಾಡಿಕೊಡುವವನು. ಮೇಲಿನ ಮಹಡಿಯಲ್ಲಿ ವಾಸ. ಜೀವಮಾನವಿಡೀ ಬೇರೆಯವರ ಗೋಳನ್ನು ಟೈಪು ಮಾಡಿ ಮಾಡಿ ಅವನಿಗೆ ಗೋಳಿನಲ್ಲಿ ಪಾಂಡಿತ್ಯ ಬಂದಿತ್ತು. ಕಾಲು ಉಳುಕಿದವನು ಬಂದರೆ ಅರ್ಜಿಯಲ್ಲಿ ಅವನು ಕುಂಟನಾಗುತ್ತಿದ್ದ, ಕುಂಟ ಬಂದರೆ ಹಾಸಿಗೆ ಹಿಡಿಯುತ್ತಿದ್ದ. ಅವನು ಎಲ್ಲರನ್ನೂ ಟೆರೇಸಿಗೆ ಕರೆದು, ಒಣಗಿಹಾಕಿದ ಬಟ್ಟೆಗಳ ನಡುವೆ ನಿಂತು ಉಪದೇಶ ಮಾಡಿದ.

"ಸರ್ಕಾರಕ್ಕೆ ಅರ್ಥ ಆಗೋದು ಒಂದೇ ಭಾಷೆ, ಕಣ್ಣೀರು. ಮಕ್ಕಳು ಚೆನ್ನಾಗಿದ್ದಾರೆ ಅಂತ ಕಂಡ್ರೆ ಆಯ್ತು, ಇನ್ನು ಯಾಕೆ ಕೊಡ್ತಾರೆ? ಬೂಟು ಒಳಗಿಡಿ. ತಲೆಗೆ ಎಣ್ಣೆ ಹಾಕ್ಬೇಡಿ. ಕೆಮ್ಮು ಬರೋ ಮಕ್ಕಳು ಕೆಮ್ಮಲಿ, ಬರದೇ ಇರೋರೂ ಕೆಮ್ಮಲಿ. ಅಜ್ಜಿ, ನಿಮ್ಮನೆ ಮಗು ಕಿವಿ ಮಿಷನ್ ಕಾಣ್ಲೇಬಾರ್ದು. ಅದನ್ನ ನೋಡಿದ್ರೆ ನಿಮ್ಮನ್ನ ಶ್ರೀಮಂತರ ಪಟ್ಟಿಗೆ ಸೇರಿಸ್ತಾರೆ."

ಇವನ ಅರ್ಜಿ ಹಿಡಿದುಕೊಂಡು ಹೋಗಿ ಉದ್ಧಾರವಾದವನನ್ನು ಒಬ್ಬನನ್ನಾದರೂ ನೋಡಿದ್ದೇನೆಯೇ ಎಂದು ಅಜ್ಜಿ ಯೋಚಿಸಿದಳು. ಇವನೇ ಇನ್ನೂ ಕೊಡೆಯ ಕೆಳಗೆ ಕೂತಿದ್ದಾನೆ, ಇವನ ಮಾತು ಕೇಳುವುದಕ್ಕೆ ಈ ಕುರಿಮಂದೆ ಬೇರೆ. ಆದರೂ ಮಾತು ಹೊಟ್ಟೆಯೊಳಗೆ ಇಳಿದು ಕೂತಿತು. ಹೆದರಿಕೆಗೆ ಆಡಿದವನ ಯೋಗ್ಯತೆ ನೋಡುವ ಅಭ್ಯಾಸವಿಲ್ಲ.

ಸೊಸೆಗೆ ಲಾಂಡ್ರಿಯಲ್ಲಿ ರಜೆ ಸಿಗಲಿಲ್ಲ. ಬೆಳಿಗ್ಗೆ ಹೊರಡುವಾಗ ಚೋಟಿಯ ಕಿವಿಗೆ ಮಿಷನ್ ಹಾಕಿ, ಹೊಸ ಸೆಲ್ ತುಂಬಿ, "ಇದ್ದದ್ದು ಇದ್ದ ಹಾಗೆ ಹೇಳಿ ಅತ್ತೆ. ಮಗೂಗೆ ಒಳ್ಳೇದಾಗಿದೆ ಅಂದ್ರೆ ಸಾಕು," ಎಂದಳು.

"ಹೊಟ್ಟೆ ತುಂಬಿದೆ ಅಂದವನ ತಟ್ಟೆಗೆ ಯಾರಾದ್ರೂ ಬಡಿಸ್ತಾರೇನೇ?"

"ಅವಳ ಕಿವಿ ತೆಗೀಬೇಡಿ ಅತ್ತೆ." ಎದುರಾಡದವಳು ಬಾಗಿಲಲ್ಲಿ ನಿಂತು ಇಷ್ಟು ಹೇಳಿ ಹೋದಳು.

ಆ ಬೆಳಿಗ್ಗೆ ಕಟ್ಟಡ ನಾಟಕ ಕಂಪನಿಯಾಯಿತು. ಬೂಟುಗಳು ಬೇಕರಿಯವನ ಹಿಟ್ಟಿನ ಡಬ್ಬದ ಹಿಂದೆ ಅಡಗಿದವು. ಅವಳಿ ಮಕ್ಕಳ ಗುಂಡು ಕೆನ್ನೆಗೆ ಬೂದಿ ಸವರಿದರು, ಒಂದು ಅಳತೊಡಗಿತು, ಅದನ್ನು ನೋಡಿ ವಕೀಲನಿಗೆ ಬಹಳ ಸಂತೋಷವಾಯಿತು. ಮೆಟ್ಟಿಲ ಮೇಲೆ ಕೆಮ್ಮಿನ ತಾಲೀಮು ನಡೆಯಿತು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂದು ಅಜ್ಜಿ ಕಿಟಕಿಯಲ್ಲಿ ಕೂತು ನಕ್ಕಳು. ಹೀಗೆ ನಗುತ್ತಿದ್ದವಳು, ಬೀದಿಯ ತಿರುವಿನಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸು ಕಂಡದ್ದೇ ತಡ, ಚೋಟಿಯನ್ನು ಹತ್ತಿರ ಎಳೆದು, ಕಿವಿಯಿಂದ ಮಿಷನ್ ಕಿತ್ತು, ಗುಂಡಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ಸೆಲ್ಲಿನ ಪುಟ್ಟ ಬಾಗಿಲು ತೆರೆದರೆ ಮಾತ್ರ ಅದು ಬಂದ್ ಆಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಚೋಟಿ ಡಬ್ಬಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು.

ಉಳಿದ ಮನೆಗಳನ್ನೆಲ್ಲ ಮುಗಿಸಿ ಕೊನೆಗೆ ಆ ಮೇಡಂ ಬಂದಳು, ಹಿಂದೆ ವಕೀಲನೂ ಬಂದ. ಮನೆ ಮನೆಗೂ ಅವಳ ಹಿಂದೆ ಹೋಗಿ ಗೋಳಿಗೆ ಒಗ್ಗರಣೆ ಹಾಕುವುದು ಅವನ ಆ ದಿನದ ಸೇವೆ. ಮೇಡಂ ಕುರ್ಚಿಯಲ್ಲಿ ಕೂತು ತೊಡೆಯ ಮೇಲಿನ ಟ್ಯಾಬಿನಿಂದ ಕಣ್ಣೆತ್ತಲಿಲ್ಲ. ಮಕ್ಕಳನ್ನು ನೋಡಲು ಬಂದವಳು ಮಕ್ಕಳ ಕಡೆಗೇ ನೋಡುವುದಿಲ್ಲವಲ್ಲ, ಸಂಬಳ ಯಾವುದಕ್ಕೆ, ಕೂರುವುದಕ್ಕೋ ಎಂದು ಅಜ್ಜಿಗೆ ಅನ್ನಿಸಿತು.

"ನಿನ್ನ ಹೆಸರೇನು? ಶಾಲೆಗೆ ಹೋಗ್ತೀಯಾ?" ಎಂದು ಮೇಡಂ ಟ್ಯಾಬಿಗೆ ಕೇಳಿದಳು.

ಚೋಟಿ ಸುಮ್ಮನೆ ನಿಂತಿದ್ದಳು. ಮೇಡಂ ಬಗ್ಗಿಸಿದ ತಲೆಯ ಬೈತಲೆ ಕಾಣುತ್ತಿತ್ತೇ ಹೊರತು ಬಾಯಿ ಕಾಣುತ್ತಿರಲಿಲ್ಲ.

"ಹುಟ್ಟು ಕಿವುಡು ಮೇಡಂ," ಎಂದ ವಕೀಲ. "ಮೂಗಿ ಅಂದ್ರೂ ತಪ್ಪಿಲ್ಲ. ಬುದ್ಧಿಯೂ ಅಷ್ಟಕ್ಕಷ್ಟೇ."

ಅಜ್ಜಿಗೆ ಮೈ ಉರಿಯಿತು. ತನ್ನ ಮೊಮ್ಮಗಳನ್ನು ಬೈಯುವುದಕ್ಕೆ ಇವನಾರು? ಆದರೆ ಬಿಟ್ಟುಕೊಡುವ ಜಾಯಮಾನ ಅವಳದಲ್ಲ. ಗೋಳು ಹೇಳುವುದಿದ್ದರೆ ಅವನಿಗಿಂತ ಚೆನ್ನಾಗಿ ತಾನು ಹೇಳಬಲ್ಲೆ. ತಿಂಗಳುಗಳಿಂದ ಬೀಗ ಬಿದ್ದಿದ್ದ ಬಾಯಿ ಬೇರೆ. "ಏನು ಹೇಳ್ಲಿ ತಾಯಿ," ಎಂದು ಶುರುಮಾಡಿದಳು. "ಕಲ್ಲುಗುಂಡು ಇದು. ಏನು ಹೇಳಿದ್ರೂ ತಲೆಗೆ ಹತ್ತಲ್ಲ. ಮನೆಗೆ ಭಾರ, ಭೂಮಿಗೆ ಭಾರ. ಇದನ್ನ ಯಾರ ತಲೆಗೆ ಕಟ್ಟೋದೋ ಗೊತ್ತಿಲ್ಲ." ಹೇಳುತ್ತಾ ಹೇಳುತ್ತಾ ಅವಳಿಗೆ ರುಚಿ ಹತ್ತಿತು. ಬಹಳ ದಿನಗಳ ಮೇಲೆ ಹಳೆಯ ಹಾಡು ನೆನಪಾದ ಹಾಗೆ ಒಂದರ ಹಿಂದೆ ಒಂದು ಬಂತು. ಚೋಟಿ ಅವಳ ಮುಖವನ್ನೇ ನೋಡುತ್ತಿದ್ದಳು. ಈ ಸಲ ನಗಲಿಲ್ಲ.

"ಹಾಗಾದ್ರೆ ಇಷ್ಟು ದಿನದ ಭತ್ಯೆಯಿಂದ ಮಗೂಗೆ ಏನೂ ಆಗಿಲ್ಲ," ಎಂದಳು ಮೇಡಂ.

"ಏನೂ ಅಂದ್ರೆ ಏನೂ ಇಲ್ಲ," ಎಂದ ವಕೀಲ ಗೆಲುವಿನಿಂದ.

"ಸರಿ. ಬದಲಾವಣೆ ಇಲ್ಲ." ಅವಳು ಟ್ಯಾಬಿನ ಮೇಲೆ ಬೆರಳು ಒತ್ತಿದಳು. "ಮೇಲಿಂದ ಕೆಳಗಿನ ತನಕ ಎಲ್ಲಾ ಮನೆಯಲ್ಲೂ ಇದೇ ಕಥೆ. ನಿಮ್ಮ ಕಟ್ಟಡಕ್ಕೆ ಭತ್ಯೆ ನಿಲ್ಲುತ್ತೆ ಅನ್ಸುತ್ತೆ."

ವಕೀಲನ ಬಾಯಿ ತೆರೆದೇ ಉಳಿಯಿತು. "ಅಲ್ಲ ಮೇಡಂ, ಇಷ್ಟೊಂದು ಕಷ್ಟದಲ್ಲಿ ಇದ್ದಾರಲ್ಲ..."

"ಕಷ್ಟದಲ್ಲಿದ್ದಾರೆ ಅಂತ ಗೊತ್ತಿದ್ದಕ್ಕೇ ಅಲ್ವೇನ್ರೀ ಕೊಟ್ಟಿದ್ದು? ಕೊಟ್ಟಿದ್ದು ಮಕ್ಕಳಿಗೆ ತಲುಪ್ತಾ, ಮಕ್ಕಳು ಸುಧಾರಿಸಿದ್ರಾ, ಅದನ್ನ ನೋಡೋಕೆ ನಾನು ಬಂದಿರೋದು. ಸುಧಾರಿಸದ ಕಡೆ ದುಡ್ಡು ನಿಲ್ಲಿಸಿ ಪೌಷ್ಟಿಕ ಪುಡಿ ಕೊಡೋಣ ಅಂತ ಮೇಲಿನವರ ಯೋಚನೆ."

ಅಜ್ಜಿಯ ಕೈಯಲ್ಲಿ ಸೂಜಿ ನಿಂತಿತು. ಪುಡಿ ತಿಂದರೆ ಕಿವಿ ಕೇಳಿಸುತ್ತದೆಯೇ? ಸೆಲ್ ಯಾವ ಪುಡಿಯಿಂದ ಬರುತ್ತದೆ? ಮಿಷನ್ ತೆಗೆದು ತೋರಿಸಿಬಿಡಲೇ ಎಂದುಕೊಂಡಳು. ತೋರಿಸಿದರೆ ತಾನು ಸುಳ್ಳಿ ಎಂದಾಗುತ್ತದೆ, ಅದೂ ಈ ಟೈಪಿಸ್ಟನ ಎದುರಿಗೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಒಂದು ತಪ್ಪೊಪ್ಪಿಗೆಗೆ ತೆರೆಯಲಾರದೆ ಕೂತಿತು.

ಮಾತು ನಿಂತ ಕೋಣೆಯಲ್ಲಿ ಮೇಡಂ ತಲೆಯೆತ್ತಿ ಅತ್ತಿತ್ತ ನೋಡಿದಳು. "ಏನದು ಶಬ್ದ?"

"ಪಕ್ಕದ ಮನೆ ಕುಕ್ಕರ್ ಇರ್ಬೇಕು," ಎಂದ ವಕೀಲ. ಆದರೆ ಅವನ ಕಣ್ಣು ಗುಂಡಿ ಡಬ್ಬಿಯ ಮೇಲಿತ್ತು. ಮೇಡಂ ಕಣ್ಣೂ ಅಲ್ಲೇ ಹೋಗಿ ನಿಂತಿತು.

ಇಬ್ಬರೂ ಹೀಗೆ ನೋಡುವುದು ಅಜ್ಜಿಗೆ ಅವಮಾನವೆನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ಡಬ್ಬಿಯ ಮೇಲೆ ಕೈಯಿಟ್ಟು, "ಗುಂಡಿ ಡಬ್ಬಿ ಅದು. ಅಂಗಡಿಯವರ ಮಾಲು," ಎಂದಳು.

"ಅದು ಶಿಳ್ಳೆ ಹೊಡೀತಿದೆಯಲ್ಲಮ್ಮ."

"ಡಬ್ಬಿ ಎಲ್ಲಾದ್ರೂ ಶಿಳ್ಳೆ ಹೊಡೀತದೆಯೇ?" ಬಿಸಿಲಲ್ಲಿ ತಿರುಗಿ ಈ ಹೆಂಗಸಿನ ತಲೆ ಕೆಟ್ಟಿದೆ ಎಂದು ಅಜ್ಜಿ ಖಚಿತ ಮಾಡಿಕೊಂಡಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಕೋಣೆಯಲ್ಲಿ ಏನೂ ಕೇಳಿಸದ ಇನ್ನೊಬ್ಬಳು ಚೋಟಿ. ಆದರೆ ಅವಳಿಗೆ ಎಲ್ಲರ ಕಣ್ಣು ಎಲ್ಲಿದೆಯೆಂದು ಕಾಣುತ್ತಿತ್ತು, ತನ್ನ ಮಿಷನ್ ಎಲ್ಲಿದೆಯೆಂದು ಗೊತ್ತಿತ್ತು. ಅವಳು ಬಂದು, ಅಜ್ಜಿಯ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಮುಚ್ಚಳ ತೆಗೆದಳು. ಗುಂಡಿಗಳನ್ನು ಸರಿಸಿ ಮಿಷನ್ ಹೆಕ್ಕಿದಳು, ಲಂಗಕ್ಕೆ ಒರೆಸಿದಳು, ಅಚ್ಚನ್ನು ತಿರುವಿ ಕಿವಿಯೊಳಗೆ ಕೂರಿಸಿದಳು. ಶಿಳ್ಳೆ ನಿಂತಿತು.

"ಏನೋ ಕೇಳ್ತಿದ್ರಲ್ಲ ಮೇಡಂ. ಇನ್ನೊಂದ್ಸಲ ಕೇಳಿ."

ಮೇಡಂ ಅವಳನ್ನು ಮೊದಲ ಸಲ ನೋಡಿದಳು. "ಯಾರದು ಇದು?"

"ನಂದು. ಸರ್ಕಾರದ ದುಡ್ಡು ಕೂಡಿಸಿ ಅಮ್ಮ ತಂದಿದ್ದು. ಮುಂದಿನ ಬೆಂಚಲ್ಲಿ ಕೂರ್ತೀನಿ. ಓದ್ಲಾ?" ಉತ್ತರಕ್ಕೂ ಕಾಯದೆ ಪುಸ್ತಕ ತಂದು ಒಂದು ಪಾಠ ಪೂರ್ತಿ ಓದಿದಳು, ಯಾರೂ ನಿಲ್ಲಿಸು ಎನ್ನಲಿಲ್ಲ. ಮೇಡಂ ಟ್ಯಾಬ್ ನೋಡಿಕೊಂಡು, "ನೀನು ಸಂತೋಷವಾಗಿದೀಯಾ? ಬಹಳ, ಸ್ವಲ್ಪ, ಇಲ್ಲ, ಮೂರರಲ್ಲಿ ಒಂದು ಹೇಳು," ಎಂದಳು.

"ಯಾವಾಗ?" ಎಂದಳು ಚೋಟಿ. "ಕಿವಿ ಹಾಕ್ಕೊಂಡಾಗ್ಲಾ, ಕಿತ್ತಾಗ್ಲಾ?"

ಆ ಉತ್ತರಕ್ಕೆ ಟ್ಯಾಬಿನಲ್ಲಿ ಜಾಗವಿರಲಿಲ್ಲ. ಮೇಡಂ ಮೊದಲು ಬರೆದದ್ದನ್ನು ಅಳಿಸಿ ಬೇರೆ ಬರೆದಳು. ಆಮೇಲೆ ಎದ್ದು ನಿಂತು, ಅಜ್ಜಿಯನ್ನು ಎಷ್ಟು ತಾತ್ಸಾರದಿಂದ ನೋಡಿದಳೆಂದರೆ, ಆ ನೋಟದ ಹದ ಅಜ್ಜಿಗೆ ಚೆನ್ನಾಗಿ ಗುರುತು ಸಿಕ್ಕಿತು. ಅದು ತಾನೇ ದಿನವೂ ಕಿಟಕಿಯಿಂದ ಬೀರುವ ನೋಟ. ಮೈಮೇಲೆ ಬಿದ್ದಾಗ ಹೇಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಮಗು ಉದ್ಧಾರ ಆಗಿದ್ದನ್ನ ಬಚ್ಚಿಡೋ ಜನಾನ ನಾನು ಎಲ್ಲೂ ನೋಡಿಲ್ಲ," ಎಂದಳು. "ನಿಮ್ಮನೇದು ಸರಿಯಾಗಿ ಬರ್ಕೊಂಡಿದೀನಿ, ಈ ಮಗು ಮುಖ ನೋಡಿ. ಬೇರೆ ಮನೆಗಳನ್ನ ಇನ್ನೊಂದ್ಸಲ ನೋಡ್ತೀನಿ. ಈಗಲೇ."

ವಕೀಲ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮೇಲೆ ಓಡಿದ. ಕಾಲು ಗಂಟೆಯಲ್ಲಿ ಕಟ್ಟಡದ ಮಕ್ಕಳೆಲ್ಲ ಗುಣಮುಖರಾದರು. ಕೆಮ್ಮು ನಿಂತಿತು, ಬೂದಿ ತೊಳೆದುಹೋಯಿತು, ಬೂಟುಗಳು ಹಿಟ್ಟು ಮೆತ್ತಿಕೊಂಡೇ ಹೊರಬಂದವು. ಬೇಕರಿಯವನ ಹೆಂಡತಿ ವಕೀಲನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದುದು ಕೆಳಗಿನವರೆಗೂ ಕೇಳಿಸಿತು. ಬೇರೆ ದಿನವಾಗಿದ್ದರೆ ಅಜ್ಜಿ ಎದ್ದು ಹೋಗಿ ಅದಕ್ಕೆ ಎರಡು ಮಾತು ಸೇರಿಸುತ್ತಿದ್ದಳು. ಇವತ್ತು ಅಂಗಿಯೊಂದನ್ನು ಕೈಗೆತ್ತಿಕೊಂಡು ಕೂತಲ್ಲೇ ಕೂತಿದ್ದಳು.

ಸಂಜೆಯಾಗುತ್ತಾ ಬಂತು. ಚೋಟಿ ಎದುರಿಗೆ ಬಂದು ಕೂತು ಡಬ್ಬಿಯ ಗುಂಡಿಗಳನ್ನು ಬಣ್ಣ ನೋಡಿ ಜೋಡಿಸತೊಡಗಿದಳು.

"ಅಷ್ಟೊಂದು ಕೂಗ್ತಿತ್ತಂತಲ್ಲ ಡಬ್ಬಿ," ಎಂದಳು ಅಜ್ಜಿ ಕೊನೆಗೆ. "ನೀನಾದ್ರೂ ಒಂದು ಸನ್ನೆ ಮಾಡಬಾರ್ದಿತ್ತಾ?"

"ನನ್ನ ಕಿವಿ ಡಬ್ಬಿಯೊಳಗಿತ್ತು. ನಿನ್ನ ಕಿವಿ ಎಲ್ಲಿತ್ತು?"

"ಸುಳ್ಳೇ ಹೇಳ್ತಾರೆ. ಏನೂ ಕೂಗಿಲ್ಲ ಅದು."

"ಕಿವಿಯಿಂದ ತೆಗೆದು ಮುಚ್ಚಿಟ್ರೆ ಶಿಳ್ಳೆ ಹೊಡಿಯುತ್ತೆ ಅದು," ಎಂದು ಚೋಟಿ ಮಿಷನ್ ತೆಗೆದು, ಅಂಗೈಯೊಳಗೆ ಮುಚ್ಚಿ, ಅಜ್ಜಿಯ ಕಿವಿಗೆ ಹತ್ತಿರ ಹಿಡಿದಳು. ಹುಬ್ಬೇರಿಸಿ ಮುಖ ನೋಡಿದಳು. ಅಜ್ಜಿ ಉಸಿರು ಹಿಡಿದು ಕೇಳಿದಳು. ಬೀದಿಯ ಗಾಡಿಗಳು ಕೇಳಿಸಿದವು, ಮೇಲೆ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಕಿವಿಯ ಪಕ್ಕದಲ್ಲಿದ್ದದ್ದು ಕೇಳಿಸಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಚೋಟಿ ಮಿಷನನ್ನು ಮತ್ತೆ ಹಾಕಿಕೊಂಡಳು. "ಬೆಲ್ಲೂ ಬಡ್ಕೊಳುತ್ತೆ ಅಜ್ಜಿ. ಅದಕ್ಕೇ ನಾನು ಎದ್ದು ಹೋಗೋದು. ಅಂಥಾ ಕೀರಲು ಶಬ್ದ ನಿಂಗೆ ಕೇಳ್ಸಲ್ಲ."

ಅಜ್ಜಿಗೆ ಎಲೆಕ್ಟ್ರಿಷಿಯನ್ ನೆನಪಾದ. "ಯಾರಿಗಾದ್ರೂ ಹೇಳಿದೀಯೇನೇ?"

"ಇಲ್ಲ."

ಅವಳು ಬಿಳಿ ಗುಂಡಿಗಳನ್ನೆಲ್ಲ ಒಂದು ಕಡೆ ಸರಿಸಿದಳು. "ಮೇಡಂ ಮುಂದೆ ನನ್ನ ಕಲ್ಲುಗುಂಡು ಅಂದೆ."

"ಕಿವಿ ಇರ್ಲಿಲ್ಲವಲ್ಲೇ ನಿಂಗೆ ಆಗ."

"ನಿನ್ನ ಬಾಯಿ ಕಾಣ್ತಿತ್ತಲ್ಲ. ಚಿಕ್ಕವಳಿದ್ದಾಗಿಂದ ನಿನ್ನ ಎದುರಿಗೇ ಕೂತಿದೀನಿ. ಆ ಮಾತು ನಿನ್ನ ಬಾಯಲ್ಲಿ ಹೇಗೆ ಬರುತ್ತೆ ಅಂತ ಗೊತ್ತು. ಯಾರ ತಲೆಗೆ ಕಟ್ಟೋದು ಅನ್ನೋದೂ ಗೊತ್ತು."

ಅಜ್ಜಿ ಬಾಯಿ ತೆರೆದಳು. ಚೋಟಿ ನೋಡುತ್ತಿದ್ದಾಳೆ ಎಂದು ನೆನಪಾಗಿ ಮುಚ್ಚಿದಳು. ಇಷ್ಟು ವರ್ಷ ಆ ನಗು, ಮಿಟುಕಿಸದ ಆ ಕಣ್ಣು. ಬೈದರೂ ಹಲ್ಲು ಕಿಸೀತದೆ ಎಂದು ತಾನೇ ದಾರ ಕಡಿದದ್ದು.

ಚೋಟಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನೀಲಿ ಗುಂಡಿ ಯಾವ ಅಂಗಿಗೆ ಎಂದು ಕೇಳುವ ಹಾಗೆಯೇ ಕೇಳಿದಳು. "ನಿಂಗೆ ಕೇಳ್ಸಲ್ಲ ಅಂತ ನಂಗೆ ಗೊತ್ತಾಗಿ ಎಷ್ಟೋ ದಿನ ಆಯ್ತು. ನಾನು ಯಾವತ್ತಾದ್ರೂ ನಿನ್ನ ಬೈದಿದೀನಾ ಅಜ್ಜಿ?"

ಕಟ್ಟಡದ ಪ್ರತಿಯೊಬ್ಬರಿಗೂ ಒಂದೊಂದು ಮಾತು ಸಿದ್ಧವಾಗಿಟ್ಟುಕೊಂಡಿದ್ದ ಅಜ್ಜಿಗೆ ನಾಚಿಕೆಯಾಯಿತು. ಕಿಟಕಿಯಿಂದ ಇಷ್ಟು ಕಾಲ ಯಾರು ಯಾರನ್ನೋ ನೋಡಿ ಮೂಗು ಮುರಿದ ಮುಖವನ್ನು ಎಲ್ಲಿಡುವುದೆಂದು ತಿಳಿಯದೆ, ಅಂಗಿಯ ಮೇಲೆ ಬಗ್ಗಿ, ಹೊಲಿದು ಮುಗಿದಿದ್ದ ಗುಂಡಿಯನ್ನೇ ಮತ್ತೆ ಹೊಲಿಯತೊಡಗಿದಳು.

ಬೆಲ್ ಬಡಿದಿರಬೇಕು. ಚೋಟಿ ಎದ್ದು ಹೋಗಿ ಬಾಗಿಲು ತೆಗೆದಳು. ಲಾಂಡ್ರಿಯಿಂದ ಬಂದ ಸೊಸೆ ಚಪ್ಪಲಿ ಬಿಡುತ್ತಾ ಮೊದಲು ಮಗಳ ಕಿವಿಯ ಹಿಂದೆ ಕೈಯಾಡಿಸಿ ನೋಡಿದಳು. ತಾಯಿ ಮಗಳು ಅಲ್ಲೇ ನಿಂತು ಮೆಲ್ಲಗೆ ಏನೋ ಮಾತಾಡಿಕೊಂಡರು. ಅಜ್ಜಿ ಸೂಜಿ ಕೆಳಗಿಟ್ಟು, ಅವರ ತುಟಿಗಳನ್ನೇ ನೋಡುತ್ತಾ ಕೂತಳು.